ರಾಜಧಾನಿಯನ್ನು ಕದಲಿಸಿದ ಬೇಟೆ: ಅಹಮದ್ ಷಾ ಬಹಮನಿಯ ಬದುಕು

ಕಲಬುರಗಿಯಿಂದ ಬೀದರ್ ಕಡೆಗೆ ಹೊರಟವರಿಗೆ ಕಮಲಾಪುರ ಸಮೀಪಿಸುತ್ತಿದ್ದಂತೆ ನೆಲದ ಬಣ್ಣ ಬದಲಾಗುವುದು ಕಾಣುತ್ತದೆ. ತೊಗರಿ, ಜೋಳ ಬೆಳೆಯುವ ಕಪ್ಪು ಮಣ್ಣಿನ ಬಯಲು ಹಿಂದೆ ಸರಿದು ಕೆಮ್ಮಣ್ಣಿನ ದಿಬ್ಬಗಳು, ಕಣಿವೆಗಳು, ಕುರುಚಲು ಗಿಡಗಳು ಎದುರಾಗುತ್ತವೆ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಮಲಾಪುರದ ಕೆಂಪು ಬಾಳೆ ಬೆಳೆಯುವುದು ಈ ಭಾಗದ ತೋಟಗಳಲ್ಲಿಯೇ. ಮುಂದೆ ದಾರಿ ಏರುತ್ತ ಹೋಗಿ, ಹುಮನಾಬಾದ್ ದಾಟಿ, ಬೀದರ್‌ನ ಜಂಬಿಟ್ಟಿಗೆ ಪ್ರಸ್ಥಭೂಮಿಯನ್ನು ಸೇರುತ್ತದೆ. 2017ರಲ್ಲಿ ಉದ್ಘಾಟನೆಯಾದ ಕಲಬುರಗಿ-ಬೀದರ್ ರೈಲು ಮಾರ್ಗಕ್ಕಾಗಿ ಮರಗುತ್ತಿ ಬಳಿ ಬೆಟ್ಟ ಕೊರೆದು ಸುರಂಗ ನಿರ್ಮಿಸಬೇಕಾಯಿತು.

ಸುಮಾರು ಆರು ಶತಮಾನಗಳ ಹಿಂದೆ ಇದೇ ದಿಕ್ಕಿನಲ್ಲಿ ಒಂದು ರಾಜಧಾನಿಯೇ ಎದ್ದು ಹೋಯಿತು. 1347ರಿಂದ ಬಹಮನಿ ಸುಲ್ತಾನರ ಗದ್ದುಗೆಯಾಗಿದ್ದ ಕಲಬುರಗಿಯನ್ನು ಬಿಟ್ಟು ಬೀದರ್‌ಗೆ ಹೊರಟವನು ಆ ವಂಶದ ಒಂಬತ್ತನೆಯ ಅರಸ ಅಹಮದ್ ಷಾ. ಬೇಟೆಗೆ ಹೋದ ಸುಲ್ತಾನ ಅಲ್ಲಿ ಕಂಡ ಒಂದು ವಿಚಿತ್ರಕ್ಕೆ ಮರುಳಾಗಿ ರಾಜಧಾನಿಯನ್ನೇ ಬದಲಿಸಿದ ಎಂಬ ಕಥೆ ಬೀದರ್, ಕಲಬುರಗಿ ಎರಡೂ ಕಡೆ ಇಂದಿಗೂ ಜನರ ಬಾಯಲ್ಲಿದೆ. ಆದರೆ ಅವನ ಬದುಕಿನಲ್ಲಿ ಇನ್ನೊಂದು ಬೇಟೆಯೂ ಇತ್ತು. ಐತಿಹ್ಯದ ಬೇಟೆಗಿಂತ ಮೊದಲು ನಡೆದ, ಚರಿತ್ರಕಾರರು ವಿವರವಾಗಿ ದಾಖಲಿಸಿರುವ ಆ ಬೇಟೆಯಲ್ಲಿ ಸುಲ್ತಾನನ ಪ್ರಾಣವೇ ಹೋಗುವುದಿತ್ತು. ಅವನ ಆಳ್ವಿಕೆಯ ತಿರುವುಗಳನ್ನು ಅರಿಯಲು ಜನಪ್ರಿಯವಾದ ಕಥೆಗಿಂತ ಮರೆತುಹೋದ ಈ ಘಟನೆಯೇ ಹೆಚ್ಚು ನೆರವಾಗುತ್ತದೆ.

ಸಾಗರದಿಂದ ಗದ್ದುಗೆಯ ನೆರಳಿಗೆ

ಅಹಮದ್ ಬಹಮನಿ ರಾಜ್ಯದ ಸ್ಥಾಪಕ ಅಲಾವುದ್ದೀನ್ ಹಸನ್ ಬಹಮನ್ ಷಾನ ಮೊಮ್ಮಗ. ಅವನ ಯೌವನ ಕಳೆದದ್ದು ಅಣ್ಣ ಫಿರೋಜ್‌ನ ಜೊತೆಯಲ್ಲಿ. 1397ರಲ್ಲಿ ಎರಡನೆಯ ಮಹಮ್ಮದ್ ಷಾ ತೀರಿಕೊಂಡ ಮೇಲೆ ಕಲಬುರಗಿಯ ಕೋಟೆಯೊಳಗೆ ಒಳಸಂಚುಗಳ ಸುಗ್ಗಿಯೇ ನಡೆಯಿತು. ತಘಲ್‌ಚೀನ್ ಎಂಬ ತುರುಕ ಗುಲಾಮ ಅಧಿಕಾರಿ, ಹೊಸದಾಗಿ ಪಟ್ಟಕ್ಕೆ ಬಂದ ಎಳೆಯ ಅರಸನ ಕಣ್ಣು ಕೀಳಿಸಿ, ಮತ್ತೊಬ್ಬ ಬಾಲಕನನ್ನು ಗದ್ದುಗೆಗೇರಿಸಿ ತಾನೇ ಆಳತೊಡಗಿದ. ಪ್ರಾಣ ಉಳಿಸಿಕೊಳ್ಳಲು ಫಿರೋಜ್ ಮತ್ತು ಅಹಮದ್ ಇಂದಿನ ಯಾದಗಿರಿ ಜಿಲ್ಲೆಯ ಶಹಾಪುರ ಬಳಿಯ ಸಾಗರಕ್ಕೆ ಓಡಿದರು. ಅಲ್ಲಿನ ಕೋಟೆಯ ಅಧಿಪತಿ ಅವರಿಗೆ ಆಸರೆಯಿತ್ತ. ಅದೇ ವರ್ಷದ ಕೊನೆಗೆ ಸಹೋದರರು ಕಲಬುರಗಿಗೆ ಮರಳಿ ಅರಮನೆಯನ್ನು ವಶಪಡಿಸಿಕೊಂಡರು. ಫಿರೋಜ್ ಸುಲ್ತಾನನಾದ, ಅಹಮದ್‌ಗೆ ಖಾನ್-ಇ-ಖಾನಾನ್ ಎಂಬ ಬಿರುದು ದೊರೆಯಿತು.

ಮುಂದಿನ 25 ವರ್ಷಗಳ ಕಾಲ ತಮ್ಮ ಅಣ್ಣನ ಬಲಗೈಯಾಗಿದ್ದ. ಫಿರೋಜ್ ಹಲವು ಭಾಷೆಗಳನ್ನು ಬಲ್ಲವನು, ಖಗೋಳ ವಿಜ್ಞಾನದಲ್ಲಿ ಆಸಕ್ತಿಯಿದ್ದವನು, ಭೀಮಾ ನದಿಯ ದಂಡೆಯಲ್ಲಿ ಫಿರೋಜಾಬಾದ್ ಎಂಬ ಹೊಸ ಪಟ್ಟಣವನ್ನು ಕಟ್ಟಿಸಿದವನು. ಅಹಮದ್ ರಣರಂಗದ ಮನುಷ್ಯ. ವಿಜಯನಗರದ ವಿರುದ್ಧದ ದಂಡಯಾತ್ರೆಗಳಲ್ಲಿ ಅವನಿಗೆ ದೊಡ್ಡ ಪಾತ್ರವಿತ್ತು. ಆದರೆ 1420ರ ಆಸುಪಾಸಿನಲ್ಲಿ ಪಾನಗಲ್ಲಿನ ಕದನದಲ್ಲಿ ಬಹಮನಿ ಸೈನ್ಯ ವಿಜಯನಗರದ ಕೈಯಲ್ಲಿ ಹೀನಾಯವಾಗಿ ಸೋತಿತು. ಆ ಸೋಲಿನಿಂದ ಫಿರೋಜ್‌ನ ಆರೋಗ್ಯವೂ ಆತ್ಮವಿಶ್ವಾಸವೂ ಕುಸಿದವು. ಆಡಳಿತ ಹೋಷಿಯಾರ್ ಮತ್ತು ಬೀದಾರ್ ಎಂಬ ಇಬ್ಬರು ಗುಲಾಮ ಅಧಿಕಾರಿಗಳ ಕೈಸೇರಿತು.

ಅಣ್ಣನ ಅನುಮಾನ, ತಮ್ಮನ ಪಲಾಯನ

ಫಿರೋಜ್‌ಗೆ ತನ್ನ ಮಗ ಹಸನ್ ಖಾನ್ ಉತ್ತರಾಧಿಕಾರಿಯಾಗಬೇಕೆಂಬ ಹಂಬಲ. ಆ ಹೊತ್ತಿಗೆ ಕಲಬುರಗಿಯಲ್ಲಿ ನೆಲೆಸಿ ಜನಮನ್ನಣೆ ಗಳಿಸಿದ್ದ ಸೂಫಿ ಸಂತ ಖ್ವಾಜಾ ಬಂದೇನವಾಜ್ ಗೇಸೂದರಾಜ್ ಅವರು ಆ ರಾಜಕುಮಾರನಿಗೆ ಆಶೀರ್ವಾದ ನೀಡಲು ಒಪ್ಪಲಿಲ್ಲ. ಗದ್ದುಗೆ ಅಹಮದ್‌ಗೆ ಮೀಸಲಾಗಿದೆ ಎಂಬುದು ಅವರ ನಿಲುವಾಗಿತ್ತು. ಸುಲ್ತಾನ ಮುನಿದ. ಕೋಟೆಗೆ ಸಮೀಪವಿದ್ದ ಖಾನ್ಖಾವನ್ನು ತೆರವು ಮಾಡಿ ಊರ ಹೊರಗೆ ಹೋಗುವಂತೆ ಸಂತರಿಗೆ ಆಜ್ಞೆಯಾಯಿತು. ಇಂದು ಲಕ್ಷಾಂತರ ಭಕ್ತರು ಬರುವ ದರ್ಗಾ ಇರುವ ಜಾಗಕ್ಕೆ ಅವರು ಬಂದುದು ಹೀಗೆ.

1422ರಲ್ಲಿ ಅಹಮದ್‌ನ ಕಣ್ಣು ಕೀಳಿಸುವ ಆಲೋಚನೆ ಅರಮನೆಯಲ್ಲಿ ಸಿದ್ಧವಾಯಿತು. ಸುದ್ದಿ ಮುಂಚಿತವಾಗಿಯೇ ಅವನ ಕಿವಿಗೆ ಬಿತ್ತು. ರಾತ್ರಿ ಮಗ ಅಲಾವುದ್ದೀನ್‌ನೊಡನೆ ಗೇಸೂದರಾಜ್ ಅವರ ಬಳಿಗೆ ಹೋದ. ಸಂತರು ಹುಡುಗನ ತಲೆಯ ರುಮಾಲನ್ನು ಎರಡು ತುಂಡು ಮಾಡಿ ಒಂದನ್ನು ತಂದೆಗೆ, ಇನ್ನೊಂದನ್ನು ಮಗನಿಗೆ ಕಟ್ಟಿ, ಇಬ್ಬರಿಗೂ ರಾಜ್ಯಯೋಗವನ್ನು ಸೂಚಿಸಿದರೆಂದು ಪರ್ಷಿಯನ್ ಚರಿತ್ರೆಗಳು ಹೇಳುತ್ತವೆ. ಬೆಳಗಾಗುವ ಮೊದಲೇ ಸುಮಾರು 400 ಮಂದಿ ನಂಬಿಗಸ್ತರೊಡನೆ ಅಹಮದ್ ಮನೆ ಬಿಟ್ಟು ಹೊರಟ.

ಹೊರಡುವಾಗ ಬಾಗಿಲಲ್ಲಿ ಎದುರಾದವನು ಖಲಫ್ ಹಸನ್. ಬಸ್ರಾದಿಂದ ಬಂದಿದ್ದ ಕುದುರೆ ವ್ಯಾಪಾರಿ, ಅಹಮದ್‌ನ ಹಳೆಯ ಸ್ನೇಹಿತ. ಆಪತ್ತಿನ ಕಾಲದಲ್ಲಿ ತನ್ನೊಡನೆ ಕಾಣಿಸಿಕೊಂಡರೆ ವ್ಯಾಪಾರಿಯ ಜೀವಕ್ಕೂ ಸಂಚಕಾರವೆಂದು ಅಹಮದ್ ಅವನನ್ನು ಹಿಂದಿರುಗುವಂತೆ ಕೇಳಿಕೊಂಡ. ಖಲಫ್ ಹಸನ್ ಕದಲಲಿಲ್ಲ. ಸುಖದ ದಿನಗಳಲ್ಲಿ ಅನ್ನ ಉಂಡವನು ಕಷ್ಟದ ದಿನಗಳಲ್ಲಿ ಬಿಟ್ಟುಹೋಗುವುದು ತನಗೆ ಒಗ್ಗದೆಂದು ಜೊತೆಗೇ ನಡೆದ.

ಬೆನ್ನಟ್ಟಿ ಬಂದ ರಾಜಸೈನ್ಯ ಅಹಮದ್‌ನ ಪಡೆಗಿಂತ ಹಲವು ಪಟ್ಟು ದೊಡ್ಡದು. ಆಗ ವ್ಯಾಪಾರಿಯ ಬುದ್ಧಿ ಕೆಲಸ ಮಾಡಿತು. ವರ್ಹಾಡ ಅಂದರೆ ಬೇರಾರ್ ಕಡೆಯಿಂದ ಬಂದಿದ್ದ ಧಾನ್ಯ ಸಾಗಿಸುವವರ ಸುಮಾರು 2,000 ಎತ್ತುಗಳು, ಮಾರಾಟಕ್ಕೆಂದು ಲಾಹೋರಿನಿಂದ ತಂದಿದ್ದ 300 ಕುದುರೆಗಳು ಹತ್ತಿರದಲ್ಲಿದ್ದವು. ಖಲಫ್ ಹಸನ್ ಅವನ್ನೆಲ್ಲ ಕೊಂಡು, ಎತ್ತುಗಳ ಮೇಲೆ ಬಾವುಟ ಹಿಡಿದ ಜನರನ್ನು ಕೂರಿಸಿ, ದೂರದಲ್ಲಿ ಸಾಲಾಗಿ ನಿಲ್ಲಿಸಿದ. ಹೊಸ ಸೈನ್ಯವೊಂದು ಅಹಮದ್‌ನ ನೆರವಿಗೆ ಬರುತ್ತಿದೆಯೆಂದು ಎದುರಾಳಿಗಳು ಕಂಗೆಟ್ಟರು. ಅವರ ಸಾಲು ಮುರಿಯಿತು. ರೋಗಿಯಾಗಿದ್ದ ಫಿರೋಜ್ ಪಲ್ಲಕ್ಕಿಯಲ್ಲಿ ಬಂದು ನಿಂತರೂ ಸೈನಿಕರು ಪಕ್ಷ ಬದಲಿಸತೊಡಗಿದರು. ಕೊನೆಗೆ ಅವನೇ ಕಲಬುರಗಿಯ ಕೋಟೆಯ ಬಾಗಿಲು ತೆರೆಸಿ ತಮ್ಮನನ್ನು ಬರಮಾಡಿಕೊಂಡ. 1422ರ ಸೆಪ್ಟೆಂಬರ್ 22ರಂದು ಅಹಮದ್ ಗದ್ದುಗೆಯೇರಿದ. ಕೆಲವೇ ದಿನಗಳಲ್ಲಿ ಫಿರೋಜ್ ತೀರಿಕೊಂಡ. ನವೆಂಬರ್ 1ರಂದು ಗೇಸೂದರಾಜ್ ಅವರೂ ನಿಧನರಾದರು.

ಹೊಸ ಸುಲ್ತಾನ ಖಲಫ್ ಹಸನ್‌ಗೆ ಮಲಿಕ್-ಉತ್-ತುಜ್ಜಾರ್, ಅಂದರೆ ವರ್ತಕರ ದೊರೆ ಎಂಬ ಬಿರುದು ಕೊಟ್ಟು ರಾಜ್ಯದ ಅತ್ಯುನ್ನತ ಹುದ್ದೆಯಲ್ಲಿ ಕೂರಿಸಿದ. ತನ್ನ ಕಣ್ಣಿಗೆ ಸಂಚು ಹೂಡಿದ್ದ ಹೋಷಿಯಾರ್ ಮತ್ತು ಬೀದಾರ್‌ಗೂ, ಒಡೆಯನಿಗೆ ನಿಷ್ಠರಾಗಿದ್ದರೆಂಬ ಕಾರಣಕ್ಕೆ, ಪದವಿಗಳನ್ನು ಕೊಟ್ಟ. ಗದ್ದುಗೆಯ ಹಕ್ಕುದಾರನಾಗಿದ್ದ ಹಸನ್ ಖಾನ್‌ನನ್ನು ಕೊಲ್ಲಿಸಲಿಲ್ಲ. ಫಿರೋಜಾಬಾದ್‌ನ ಅರಮನೆಯನ್ನು ಅವನಿಗೆ ಬಿಟ್ಟುಕೊಟ್ಟು, ಅದರ ಸುತ್ತ ಎಂಟು ಮೈಲಿಗಳೊಳಗೆ ಬೇಕಾದಾಗ ಬೇಟೆಯಾಡಲು ಅನುಮತಿ ನೀಡಿದ. ಆ ಕಾಲದಲ್ಲಿ ಬೇಟೆ ಎಂದರೆ ಸ್ವಾತಂತ್ರ್ಯದ ಅಳತೆಗೋಲು. ಎಂಟು ಮೈಲಿ ಹಸನ್ ಖಾನ್‌ನ ಬಯಲೂ ಆಗಿತ್ತು, ಬಂದೀಖಾನೆಯ ಗೋಡೆಯೂ ಆಗಿತ್ತು.

ಜಿಂಕೆಯ ಬೆನ್ನು ಹತ್ತಿ

ದಖ್ಖನ್ನಿನ ಅರಸರಿಗೆ ಬೇಟೆ ಬರಿಯ ವಿನೋದವಾಗಿರಲಿಲ್ಲ. ಕುದುರೆ ಸವಾರಿ, ಬಿಲ್ಲುಗಾರಿಕೆ, ನೆಲದ ಪರಿಚಯ, ಸಂಗಡಿಗರ ಧೈರ್ಯದ ಪರೀಕ್ಷೆ ಇವೆಲ್ಲಕ್ಕೂ ಅದೇ ಗರಡಿ. ಕೃಷ್ಣಮೃಗ, ಚಿಂಕಾರಗಳು ಹಿಂಡುಹಿಂಡಾಗಿದ್ದ ಬಯಲುಸೀಮೆಯಲ್ಲಿ ನಾಯಿ, ಡೇಗೆ, ಪಳಗಿಸಿದ ಸಿವಂಗಿಗಳನ್ನು ಬಿಟ್ಟು ಬೇಟೆಯಾಡುವುದು ರೂಢಿ. ಅರಸನೊಡನೆ ಬೇಟೆಗೆ ಹೋಗುವ ಅವಕಾಶ ಆಪ್ತರಿಗೆ ಮಾತ್ರ ದೊರೆಯುತ್ತಿತ್ತು. ದರ್ಬಾರಿನಲ್ಲಿ ಯಾರು ಎಲ್ಲಿ ನಿಲ್ಲಬೇಕೆಂಬ ಕಟ್ಟಳೆ ಬೇಟೆಯ ಬಯಲಿನಲ್ಲಿ ಸಡಿಲವಾಗುತ್ತಿತ್ತು. ಅಪಾಯ ಬಂದಾಗ ಪಕ್ಕದಲ್ಲಿ ಯಾರಿದ್ದಾರೆ ಎಂಬುದಷ್ಟೇ ಅಲ್ಲಿ ಲೆಕ್ಕಕ್ಕೆ ಬರುತ್ತಿತ್ತು.

ಪಾನಗಲ್ಲಿನ ಸೋಲಿಗೆ ಪ್ರತೀಕಾರ ತೀರಿಸಲು 1423ರಲ್ಲಿ ಅಹಮದ್ ಷಾ ವಿಜಯನಗರದ ಮೇಲೆ ದಂಡೆತ್ತಿ ಹೋದ. ತುಂಗಭದ್ರೆಯ ಎರಡು ದಂಡೆಗಳಲ್ಲಿ ಎರಡು ಸೈನ್ಯಗಳು 40 ದಿನ ಎದುರುಬದುರಾಗಿ ಬೀಡುಬಿಟ್ಟವು. ಬಹಮನಿ ಪಡೆಯೊಂದು ರಾತ್ರೋರಾತ್ರಿ ನದಿ ದಾಟಿತು. ಕಬ್ಬಿನ ತೋಟದ ಬಳಿ ಮಲಗಿದ್ದ ವಿಜಯನಗರದ ಅರಸನನ್ನು ಕಬ್ಬು ಕಾಯುವವನೆಂದು ತಿಳಿದ ಸೈನಿಕರು ಅವನ ತಲೆಯ ಮೇಲೆ ಕಬ್ಬಿನ ಹೊರೆ ಹೊರಿಸಿ ನಡೆಸಿದರೆಂದೂ, ಗದ್ದಲದಲ್ಲಿ ಅವನು ಹೇಗೋ ತಪ್ಪಿಸಿಕೊಂಡನೆಂದೂ ಫೆರಿಷ್ತಾ ಬರೆಯುತ್ತಾನೆ. ಅನಂತರ ಬಹಮನಿ ಸೈನ್ಯ ವಿಜಯನಗರದ ಸೀಮೆಯ ಹಳ್ಳಿಗಳ ಮೇಲೆ ನಡೆಸಿದ ಹಾವಳಿ ಭೀಕರವಾದುದು. ಎರಡು ಶತಮಾನಗಳ ನಂತರ ಬಿಜಾಪುರದ ಆಸ್ಥಾನದಲ್ಲಿ ಕುಳಿತು ಬರೆದ ಫೆರಿಷ್ತಾನ ಸಂಖ್ಯೆಗಳನ್ನು ಯಥಾವತ್ತಾಗಿ ನಂಬಬೇಕಾಗಿಲ್ಲ. ಆದರೆ ಹೆಂಗಸರು, ಮಕ್ಕಳನ್ನೂ ಬಿಡದೆ ಕೊಂದರೆಂಬುದನ್ನು ಅವನೇ ಮರೆಮಾಚದೆ ದಾಖಲಿಸಿದ್ದಾನೆ. ಮುಂದೆ ಸಂತನೆಂದು ಹೆಸರಾದವನ ಬದುಕಿನಲ್ಲಿ ಅಳಿಸಲಾಗದ ಕಲೆಯಿದು.

ಈ ಹಾವಳಿಗೆ ಉತ್ತರವಾಗಿ ವಿಜಯನಗರದ ಸವಾರರ ಒಂದು ಗುಂಪು ಸುಲ್ತಾನನನ್ನು ಕೊಲ್ಲದೆ ಹಿಂದಿರುಗುವುದಿಲ್ಲವೆಂದು ಪಣ ತೊಟ್ಟಿತು. ಅವರಿಗೆ ಅವಕಾಶ ಒದಗಿದ್ದು ಬೇಟೆಯ ದಿನ. ಪಾಳೆಯದಿಂದ ಬೇಟೆಗೆ ಹೊರಟ ಅಹಮದ್ ಷಾ ಜಿಂಕೆಯೊಂದರ ಬೆನ್ನು ಹತ್ತಿ, ಆವೇಶದಲ್ಲಿ ಜೊತೆಗಾರರನ್ನು ಹಿಂದೆ ಬಿಟ್ಟು, ಸುಮಾರು 12 ಮೈಲಿ ದೂರ ಸಾಗಿಬಿಟ್ಟಿದ್ದ. ಅವನ ಖಾಸಾ ಕಾವಲಿನ 200 ಬಿಲ್ಲುಗಾರರೂ ಹಿಂದುಳಿದಿದ್ದರು. ಬಯಲಿನ ಅಂಚಿನಲ್ಲಿ ಶತ್ರುಗಳ ಕುದುರೆಗಳು ಕಾಣಿಸಿಕೊಂಡವು.

ಕಣ್ಣಳತೆಯಲ್ಲಿದ್ದ ಆಸರೆ ಒಂದೇ: ದನ ಕೂಡುವ ದೊಡ್ಡಿ. ಸುತ್ತ ಮಣ್ಣಿನ ಗೋಡೆಯಷ್ಟೇ ಇದ್ದ ಆ ದೊಡ್ಡಿಯತ್ತ ಸುಲ್ತಾನ ಕುದುರೆ ಓಡಿಸಿದ. ನಡುವೆ ಕೊರಕಲು ನೆಲ ಅಡ್ಡವಾಯಿತು. ಬೆನ್ನಟ್ಟಿದವರು ಸಮೀಪಿಸುವಷ್ಟರಲ್ಲಿ ಹಿಂದುಳಿದಿದ್ದ ಬಿಲ್ಲುಗಾರರು ಧಾವಿಸಿ ಬಂದು ಬಾಣಗಳ ಮಳೆಗರೆದು ತಡೆದರು. ಆ ಅವಧಿಯಲ್ಲಿ ಅರಸ ದೊಡ್ಡಿಯೊಳಗೆ ಸೇರಿದ, ಉಳಿದವರೂ ಒಳಹೊಕ್ಕರು. ಬದಖ್ಷಾನ್, ಸೀಸ್ತಾನ್‌ನಂತಹ ದೂರದ ನಾಡುಗಳಿಂದ ಅನ್ನ ಹುಡುಕಿಕೊಂಡು ದಖ್ಖನ್ನಿಗೆ ಬಂದಿದ್ದ ಆ ಯೋಧರು ಗೋಡೆಯ ಮರೆಯಿಂದ ಬಿಲ್ಲು ಹೂಡಿ ನಿಂತರು. ಒಬ್ಬೊಬ್ಬರಾಗಿ ಬಿದ್ದರು. ಹೊರಗಿನವರು ಗುದ್ದಲಿ, ಕೊಡಲಿಗಳಿಂದ ಮಣ್ಣಿನ ಗೋಡೆ ಕೆಡವತೊಡಗಿದರು. ಮೂರು ಸಮುದ್ರಗಳ ನಡುವಿನ ನಾಡಿಗೆ ಒಡೆಯನಾಗಲು ಹೊರಟವನು ದನದ ದೊಡ್ಡಿಯಲ್ಲಿ ಸಾಯುವ ಸ್ಥಿತಿಗೆ ಬಂದಿದ್ದ.

ಇತ್ತ ಪಾಳೆಯದಲ್ಲಿ ಸುಲ್ತಾನನ ಆಯುಧಪಾಲಕ ಅಬ್ದುಲ್ ಖಾದಿರ್‌ಗೆ ಹೊತ್ತು ಮೀರಿದರೂ ಒಡೆಯ ಹಿಂದಿರುಗದಿರುವುದು ಸರಿಕಾಣಲಿಲ್ಲ. ಯಾರ ಅಪ್ಪಣೆಗೂ ಕಾಯದೆ ಪಡೆಯೊಂದನ್ನು ಕೂಡಿಸಿಕೊಂಡು ಹುಡುಕುತ್ತ ಹೊರಟ. ಗೋಡೆ ಒಡೆದು ಶತ್ರುಗಳು ಇನ್ನೇನು ಒಳನುಗ್ಗಬೇಕು ಎಂಬ ಹೊತ್ತಿಗೆ ಹಿಂದಿನಿಂದ ಅವರ ಮೇಲೆ ಬಿದ್ದ. ಒಳಗಿದ್ದವರೂ ಹೊರಬಂದು ಕಾದಿದರು. ಎರಡೂ ಕಡೆ ನೂರಾರು ಜನ ಮಡಿದ ಆ ಕಾಳಗದಲ್ಲಿ ಸುಲ್ತಾನ ಬದುಕುಳಿದ. ಒಂದೇ ಯುದ್ಧದಲ್ಲಿ ಒಬ್ಬ ಅರಸ ಕಬ್ಬಿನ ಹೊರೆ ಹೊತ್ತು, ಮತ್ತೊಬ್ಬ ದೊಡ್ಡಿಯಲ್ಲಿ ಅಡಗಿ ಪಾರಾದದ್ದನ್ನು ಫೆರಿಷ್ತಾ ವಿಧಿಯ ವಿಚಿತ್ರವೆಂಬಂತೆ ಪಕ್ಕಪಕ್ಕದಲ್ಲಿಟ್ಟು ನೋಡಿದ್ದಾನೆ.

ದೊಡ್ಡಿ ಕಲಿಸಿದ ಪಾಠ

ಅಬ್ದುಲ್ ಖಾದಿರ್‌ಗೆ ಖಾನ್-ಇ-ಜಹಾನ್ ಬಿರುದೂ ಬೇರಾರ್ ಪ್ರಾಂತದ ಅಧಿಕಾರವೂ ದೊರೆತವು. ಅದಕ್ಕಿಂತ ದೂರಗಾಮಿಯಾದ ಆಜ್ಞೆ ಮತ್ತೊಂದು. ಇರಾಕ್, ಖುರಾಸಾನ್, ಅರೇಬಿಯಾ, ಮಧ್ಯ ಏಷ್ಯಾದ ನಾಡುಗಳಿಂದ 3,000 ಬಿಲ್ಲುಗಾರರನ್ನು ಸೇನೆಗೆ ಸೇರಿಸಿಕೊಳ್ಳುವಂತೆ ಸುಲ್ತಾನ ಖಲಫ್ ಹಸನ್‌ಗೆ ಸೂಚಿಸಿದ. ಅಹಮದ್‌ನ ಅನುಭವದ ದೃಷ್ಟಿಯಿಂದ ನೋಡಿದರೆ ಇದು ಸಹಜವೇ. ಒಡಹುಟ್ಟಿದ ಅಣ್ಣನೇ ಕಣ್ಣು ಕೀಳಿಸಲು ಒಪ್ಪಿದಾಗ ಜೊತೆಗೆ ನಡೆದವನು ಬಸ್ರಾದ ವ್ಯಾಪಾರಿ. ಬೇಟೆಯ ಬಯಲಿನಲ್ಲಿ ಪ್ರಾಣ ಕೊಟ್ಟವರು ಪರದೇಶದ ಬಿಲ್ಲುಗಾರರು. ನಂಬಿಕೆಯನ್ನು ಅವನು ರಕ್ತಸಂಬಂಧದಲ್ಲಿ ಹುಡುಕಲಿಲ್ಲ, ಆಪತ್ತಿನ ಕಾಲದಲ್ಲಿ ಪಕ್ಕದಲ್ಲಿ ನಿಂತವರಲ್ಲಿ ಕಂಡ.

ಆದರೆ ಅರಸನ ಕೃತಜ್ಞತೆ ರಾಜ್ಯದ ನೀತಿಯಾದಾಗ ಅದರ ಬೆಲೆ ತೆರುವವರು ಬೇರೆಯವರು. ತಲೆಮಾರುಗಳಿಂದ ದಖ್ಖನ್ನಿನಲ್ಲಿ ನೆಲೆಸಿದ್ದ ಸರದಾರರು ದಖ್ಖನಿಗಳು. ಹೊಸದಾಗಿ ಸಮುದ್ರ ದಾಟಿ ಬಂದವರು ಆಫಾಕಿಗಳು. ಎರಡು ಬಣಗಳ ನಡುವಿನ ಅಸಮಾಧಾನ ಮೊದಲೂ ಇತ್ತು. ಅಹಮದ್ ಷಾನ ಕಾಲದಲ್ಲಿ ಅದು ಬಿರುಕಾಯಿತು. ಗುಜರಾತಿನ ಮೇಲಿನ ಹೋರಾಟದಲ್ಲಿ ಸೋತಾಗ ಎರಡು ಬಣಗಳೂ ಪರಸ್ಪರ ದೂರಿಕೊಂಡವು. ಅವನ ಮಗನ ಆಳ್ವಿಕೆಯಲ್ಲಿ ಖಲಫ್ ಹಸನ್ ಕೊಂಕಣದ ದಂಡಯಾತ್ರೆಯಲ್ಲಿ ಹತನಾದ; ಉಳಿದು ಬಂದ ಆಫಾಕಿಗಳು ಪುಣೆಯ ಬಳಿಯ ಚಾಕಣದಲ್ಲಿ ದಖ್ಖನಿಗಳ ಸಂಚಿಗೆ ಸಿಕ್ಕಿ ಕೊಲೆಯಾದರು. 1481ರಲ್ಲಿ ಮಹಾಮಂತ್ರಿ ಮಹಮೂದ್ ಗವಾನನ ಶಿರಚ್ಛೇದವಾದದ್ದೂ ಇದೇ ವೈಷಮ್ಯದ ಫಲ. ಬಳಿಕ ಬಹಮನಿ ರಾಜ್ಯ ಬಿಜಾಪುರ, ಅಹಮದ್‌ನಗರ, ಬೇರಾರ್, ಗೋಲ್ಕೊಂಡ, ಬೀದರ್ ಎಂಬ ಐದು ತುಂಡುಗಳಾಯಿತು. ಬೇರಾರ್‌ನ ಇಮಾದ್‌ಷಾಹಿ ವಂಶದ ಮೂಲಪುರುಷ ಫತಹುಲ್ಲಾ ವಿಜಯನಗರದ ಸೀಮೆಯಿಂದ ಬಾಲಕನಾಗಿದ್ದಾಗ ಸೆರೆಯಾಗಿ ಬಂದ ಕನ್ನಡಿಗನೆಂಬುದು ಇತಿಹಾಸದ ಮತ್ತೊಂದು ವೈಚಿತ್ರ್ಯ.

ನಾಯಿಗಳಿಗೆ ತಿರುಗಿಬಿದ್ದ ನರಿ

ಯುದ್ಧದ ಬೆನ್ನಲ್ಲೇ ದಖ್ಖನ್ನಿಗೆ ಬರಗಾಲ ಬಡಿಯಿತು. ಮಳೆ ಬಾರದೆ ಜನ ಕಂಗಾಲಾದಾಗ ಸುಲ್ತಾನ ಗುಡ್ಡವೊಂದನ್ನೇರಿ, ನೆಲಕ್ಕೆ ತಲೆಯಿಟ್ಟು ಪ್ರಾರ್ಥಿಸಿದನೆಂದೂ, ಮೋಡ ಕವಿದು ಮಳೆ ಸುರಿಯಿತೆಂದೂ ಹೇಳುತ್ತಾರೆ. ಅಂದಿನಿಂದ ಜನ ಅವನನ್ನು ವಲಿ, ಅಂದರೆ ಸಂತ ಎಂದು ಕರೆದರು. ವಾರಂಗಲ್ ಅವನ ವಶವಾಯಿತು. ಮಾಹೂರಿನ ಮೇಲೆ ದಂಡಯಾತ್ರೆ ನಡೆಯಿತು. ಗಾವಿಲ್‌ಗಡದ ಕೋಟೆ ಎದ್ದಿತು. ಮಾಳವದ ಹೋಷಂಗ್ ಷಾ ಸೋತು ಹಿಮ್ಮೆಟ್ಟಿದ.

ಈ ಅವಧಿಯಲ್ಲಿಯೇ ರಾಜಧಾನಿಯ ಸ್ಥಳಾಂತರ. ಜನಪ್ರಿಯ ಕಥೆಯ ಪ್ರಕಾರ ಬೀದರ್ ಬಳಿಯ ಕಾಡಿನಲ್ಲಿ ಸಂಗಡಿಗರೊಡನೆ ಬೇಟೆಯಾಡುತ್ತಿದ್ದ ಸುಲ್ತಾನ ನಾಯಿಗಳನ್ನು ಒಂದು ನರಿಯ ಮೇಲೆ ಬಿಟ್ಟ. ಓಡುತ್ತಿದ್ದ ನರಿ ಇದ್ದಕ್ಕಿದ್ದಂತೆ ನಿಂತು ನಾಯಿಗಳ ಮೇಲೆಯೇ ತಿರುಗಿಬಿತ್ತು. ಕೆಲವರ ಬಾಯಲ್ಲಿ ನರಿಯ ಬದಲು ಮೊಲ. ನರಿಗೇ ಇಂಥ ಗುಂಡಿಗೆ ಕೊಡುವ ನೆಲ ಸಾಮಾನ್ಯದ್ದಲ್ಲವೆಂದು ಅಹಮದ್ ಅಲ್ಲಿಯೇ ನಗರ ಕಟ್ಟಿಸಿದನಂತೆ.

ಈ ಕಥೆ ಬೀದರ್‌ನದು ಮಾತ್ರವಲ್ಲ. ವಿಜಯನಗರ ಕಟ್ಟುವ ಮೊದಲು ತುಂಗಭದ್ರೆಯ ದಡದಲ್ಲಿ ಬೇಟೆನಾಯಿಗಳನ್ನು ಅಟ್ಟಿಸಿದ ಮೊಲದ ಐತಿಹ್ಯ ಎಲ್ಲರಿಗೂ ಗೊತ್ತಿದೆ. 1411ರಲ್ಲಿ ಸ್ಥಾಪನೆಯಾದ ಗುಜರಾತಿನ ಅಹಮದಾಬಾದ್‌ಗೂ ಇಂಥದೇ ಮೊಲವಿದೆ. ಹೊಸ ರಾಜಧಾನಿಗೆ ದೈವದ ಒಪ್ಪಿಗೆಯಿದೆಯೆಂದು ಹೇಳುವ ಬಗೆಯಿದು. ಮೇಲಾಗಿ ಬೀದರ್ ಬರಿಯ ಕಾಡಾಗಿರಲಿಲ್ಲ. ಅಲ್ಲಿ ಹಳೆಯ ಕೋಟೆಯಿತ್ತು. ಅದು ಬಹಮನಿ ರಾಜ್ಯದ ಮುಖ್ಯ ಠಾಣ್ಯಗಳಲ್ಲೊಂದಾಗಿತ್ತು. ಸ್ಥಳಾಂತರ 1424ರಷ್ಟು ಬೇಗ ನಡೆಯಿತೆಂದು ಕೆಲವು ಇತಿಹಾಸಕಾರರು, ಮಾಳವದ ಯುದ್ಧದ ನಂತರ 1430ರ ಆಸುಪಾಸಿನಲ್ಲಿ ಎಂದು ಇನ್ನು ಕೆಲವರು ಅಭಿಪ್ರಾಯಪಡುತ್ತಾರೆ. ಕೋಟೆಯ ನಿರ್ಮಾಣ 1432ರ ವೇಳೆಗೆ ಮುಗಿಯಿತು.

ನಿಜವಾದ ಕಾರಣಗಳು ನೆಲದಲ್ಲಿ ಮತ್ತು ನೆನಪಿನಲ್ಲಿ ಇವೆ. ಸಮುದ್ರಮಟ್ಟದಿಂದ ಸುಮಾರು 1,500 ಅಡಿ ಎತ್ತರದ ಕಲಬುರಗಿ ಬಯಲಿನ ಊರು. ಕಮಲಾಪುರದ ಆಚೆ ಏರುವ ದಾರಿಯ ತುದಿಯಲ್ಲಿರುವ ಬೀದರ್ 2,000 ಅಡಿಗೂ ಮೇಲಿದೆ. ಅಲ್ಲಿ ಹವೆ ತಂಪು, ಜಂಬಿಟ್ಟಿಗೆಯ ಪದರಗಳಲ್ಲಿ ಸಿಹಿನೀರಿನ ಒರತೆ, ಪ್ರಸ್ಥಭೂಮಿಯ ಅಂಚಿನಲ್ಲಿ ಕೋಟೆಗೆ ಹೇಳಿಮಾಡಿಸಿದ ಜಾಗ. ಕನ್ನಡ, ತೆಲುಗು, ಮರಾಠಿ ಸೀಮೆಗಳು ಕೂಡುವ ಸ್ಥಳವಾದ್ದರಿಂದ ಹಿಗ್ಗಿದ ರಾಜ್ಯಕ್ಕೆ ಅದು ನಡುಮನೆ. ವಿಜಯನಗರದ ಗಡಿಯಿಂದ ಇನ್ನಷ್ಟು ದೂರ. ದೊಡ್ಡಿಯ ಗೋಡೆಗೆ ಬಿದ್ದ ಗುದ್ದಲಿಯ ಸದ್ದು ಕೇಳಿದವನಿಗೆ ಆ ದೂರ ಬರಿಯ ಭೂಗೋಳವಾಗಿರಲಾರದು. ಇನ್ನು ಕಲಬುರಗಿಯ ಅರಮನೆ ಅವನಿಗೆ ಕುರುಡಾದ ಅರಸರನ್ನೂ ಅಣ್ಣನ ಕೊನೆಯ ದಿನಗಳನ್ನೂ ನೆನಪಿಸುವ ಮನೆ. ಹೊಸ ಆಪ್ತರಿಗೆ ಹೊಸ ಊರು ಬೇಕಿತ್ತು.

ಕಲಬುರಗಿ ಉಳಿಸಿಕೊಂಡದ್ದು

ಸುಲ್ತಾನ ಹೋದ ಮೇಲೆ ಕಲಬುರಗಿ ಪ್ರಾಂತದ ಕೇಂದ್ರವಾಗಿ ಉಳಿಯಿತು. 1367ರ ಜಾಮಿ ಮಸೀದಿ ಕೋಟೆಯೊಳಗೆ ನಿಂತಿತು. ಹಫ್ತ್ ಗುಂಬಜ್‌ನಲ್ಲಿ ಫಿರೋಜ್ ಷಾನ ಭವ್ಯ ಸಮಾಧಿ ನಿಂತಿತು. ಎಲ್ಲಕ್ಕಿಂತ ಮಿಗಿಲಾಗಿ ಬಂದೇನವಾಜ್ ಅವರ ದರ್ಗಾ ಉಳಿಯಿತು. ಅರಸನನ್ನು ಗದ್ದುಗೆಗೆ ಹರಸಿದ ಸಂತರನ್ನು ಅರಸ ತನ್ನೊಡನೆ ಕರೆದೊಯ್ಯಲಾಗಲಿಲ್ಲ. ಬೀದರ್‌ನ ದರ್ಬಾರಿಗೆ ಅವನು ಇರಾನಿನ ಕಿರ್ಮಾನ್ ಪ್ರಾಂತದ ಸೂಫಿ ಷಾ ನಿಅಮತುಲ್ಲಾ ಅವರನ್ನು ಆಹ್ವಾನಿಸಿದ. ಅವರು ತಾವು ಬರದೆ ಮೊಮ್ಮಗನನ್ನು ಕಳುಹಿಸಿದರು. ಮುಂದೆ ಆ ಮನೆತನವೇ ಬೀದರ್‌ನಲ್ಲಿ ನೆಲೆಯೂರಿತು. ಆರು ಶತಮಾನಗಳ ನಂತರ ನೋಡಿದರೆ, ರಾಜಧಾನಿ ಕಳೆದುಕೊಂಡ ಕಲಬುರಗಿಗೆ ಜನ ಬರುವುದು ನಿಂತಿಲ್ಲ. ಕೋಟೆಯ ಬಾಗಿಲಿಗಿಂತ ದರ್ಗಾದ ಬಾಗಿಲಲ್ಲಿ ಸಂದಣಿ ಹೆಚ್ಚು.

ಅವನು ಬೇಟೆಯಾಡಿದ ಪ್ರಾಣಿಲೋಕವೂ ಬದಲಾಗಿದೆ. ಸಿವಂಗಿ ದೇಶದಿಂದ ಅಳಿದುಹೋಯಿತೆಂದು 1952ರಲ್ಲಿ ಘೋಷಿಸಲಾಯಿತು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷ್ಣಮೃಗದ ಬೇಟೆಯನ್ನು ಅಪರಾಧವಾಗಿಸಿತು. ಬೀದರ್, ಕಲಬುರಗಿ ಜಿಲ್ಲೆಗಳ ಹೊಲಗಳ ಅಂಚಿನಲ್ಲಿ ಇಂದಿಗೂ ಕಾಣಸಿಗುವ ಕೃಷ್ಣಮೃಗಗಳು, ಅರಸನೊಬ್ಬನನ್ನು 12 ಮೈಲಿ ಓಡಿಸಿದ ಆ ಜಿಂಕೆಯ ಬಯಲಿನ ಕೊನೆಯ ಕುರುಹುಗಳು.

ಅಷ್ಟೂರಿನ ಉರುಸು

1436ರಲ್ಲಿ ಅಹಮದ್ ಷಾ ಬೀದರ್‌ನಲ್ಲಿ ತೀರಿಕೊಂಡ. ನಗರದ ಹೊರವಲಯದ ಅಷ್ಟೂರಿನಲ್ಲಿ ಅವನ ಸಮಾಧಿಯಿದೆ. ಒಳಗಿನ ಗೋಡೆ, ಗುಮ್ಮಟಗಳ ತುಂಬ ಚಿನ್ನದ ಬಣ್ಣ, ಕುಂಕುಮ ಕೆಂಪು, ಕಡುನೀಲಿಯ ಬಳ್ಳಿ-ಹೂಗಳ ಚಿತ್ತಾರ. ನಡುವೆ ಷಾ ನಿಅಮತುಲ್ಲಾ ಅವರ ಪದ್ಯಗಳ ಬರಹ. ದಖ್ಖನ್ನಿನ ಸಮಾಧಿಗಳಲ್ಲಿ ಇಷ್ಟು ಸಮೃದ್ಧವಾದ ವರ್ಣಚಿತ್ರ ಅಪರೂಪ.

ಅದಕ್ಕಿಂತಲೂ ಅಪರೂಪವಾದುದು ಇಲ್ಲಿನ ಉರುಸು. ಅದರ ದಿನ ಗೊತ್ತಾಗುವುದು ಹಿಂದೂ ಪಂಚಾಂಗದ ಪ್ರಕಾರ, ಹೋಳಿ ಹುಣ್ಣಿಮೆಯ ನಂತರ. ಲಿಂಗಾಯತ ಭಕ್ತರು ಈ ಸುಲ್ತಾನನಲ್ಲಿ ಅಲ್ಲಮಪ್ರಭುವನ್ನು ಕಾಣುತ್ತಾರೆ. ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನ ಮಾಡ್ಯಾಳದಿಂದ ಜಂಗಮರು ಭಕ್ತರೊಡನೆ ಹೊರಟು ಅಷ್ಟೂರಿಗೆ ಬಂದು, ಶಂಖ ಊದಿ, ಕಾಯಿ ಒಡೆದು, ಸಮಾಧಿಗೆ ಹೂವೇರಿಸುತ್ತಾರೆ. ವಿಜಯನಗರದ ಹಳ್ಳಿಗಳನ್ನು ಸುಟ್ಟ ಸೇನಾಪತಿ, ಮಳೆಗಾಗಿ ಗುಡ್ಡದ ಮೇಲೆ ತಲೆಯಿಟ್ಟ ಅರಸ ಇಬ್ಬರೂ ಒಬ್ಬನೇ. ಜನ ಎರಡನೆಯವನನ್ನು ಆರಿಸಿಕೊಂಡರು.

ಬದುಕಿರುವಾಗ ಅಹಮದ್ ಷಾ ಆಪತ್ತಿನಲ್ಲಿ ಜೊತೆ ನಿಂತವರನ್ನು ದೂರದ ದೇಶಗಳಲ್ಲಿ ಹುಡುಕಿದ. ಸತ್ತ ಮೇಲೆ ಅವನ ಜೊತೆ ನಿಂತವರು ಅವನು ಬಿಟ್ಟುಹೋದ ಕಲಬುರಗಿ ಸೀಮೆಯ ಕನ್ನಡದ ಜನ. ವರ್ಷಕ್ಕೊಮ್ಮೆ ಅವರು ಬಿಸಿಲನ್ನು ಲೆಕ್ಕಿಸದೆ ಅವನ ಊರಿನತ್ತ ಹೊರಡುತ್ತಾರೆ.